ಒಂದೇ ಟ್ರ್ಯಾಕ್ಟರು, ಎರಡು ದಾರಿ: ಗದ್ದೆಗೂ ರಸ್ತೆಗೂ ಒಗ್ಗುವ ಟೈರಿನ ಆಯ್ಕೆ

ಭತ್ತದ ಕೊಯ್ಲಿನ ದಿನಗಳಲ್ಲಿ ಕಂಪ್ಲಿಯಿಂದ ಹೊಸಪೇಟೆಗೆ ಬರುವ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡಿರಿ. ಚೀಲ ಹೇರಿದ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ. ನಾಲ್ಕು ತಿಂಗಳ ಹಿಂದೆ ಇವೇ ಟ್ರ್ಯಾಕ್ಟರುಗಳು ಕೆಸರುಗದ್ದೆಯಲ್ಲಿ ಹೂತು ಏಳುತ್ತಾ ನಾಟಿಗೆ ಹದ ಮಾಡುತ್ತಿದ್ದವು. ಸೊಸೈಟಿಯಿಂದ ಗೊಬ್ಬರ ತರುವುದು, ಮನೆ ಕಟ್ಟುವವರಿಗೆ ಇಟ್ಟಿಗೆ ಹಾಕುವುದು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವುದು, ಎಲ್ಲಕ್ಕೂ ಇವೇ. ಹೀಗೆ ಟ್ರ್ಯಾಕ್ಟರು ನಮ್ಮ ರೈತರಿಗೆ ಹೊಲದ ಯಂತ್ರವೂ ಹೌದು, ಮನೆಯ ನಿತ್ಯದ ವಾಹನವೂ ಹೌದು.

ಕಂಪ್ಲಿ ಸಮೀಪದ ಹಿರಿಯ ರೈತರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಸಾರ್, ಟ್ರ್ಯಾಕ್ಟರ್ ಒಂದೇ ಐತಿ, ದಾರಿ ಎರಡು ಅದಾವು. ಯಾವ ಟೈರ್ ತರ್ಲಿ?" ಅವರು ಹಿಂದಿನ ಸಲ ಕೆಸರಿಗೆ ಒಳ್ಳೆಯದೆಂದು ಆಳವಾದ ಉಬ್ಬುಪಟ್ಟಿಗಳ ಟೈರು ಹಾಕಿಸಿದ್ದರು. ಗದ್ದೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆದರೆ ಉಳಿದ ದಿನವೆಲ್ಲ ಇಟ್ಟಿಗೆ, ಭತ್ತ ಸಾಗಿಸಿ, ಎರಡನೇ ವರ್ಷದ ನಾಟಿ ಬರುವಷ್ಟರಲ್ಲಿ ಪಟ್ಟಿಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದವು. ಟೈರಿನ ಸಾಲ ಮಾತ್ರ ಇನ್ನೂ ತೀರಿರಲಿಲ್ಲ. ಅಂಗಡಿಯವರು ಮೋಸ ಮಾಡಿರಲಿಲ್ಲ, ಟೈರೂ ಕೆಟ್ಟದ್ದಾಗಿರಲಿಲ್ಲ. ಆ ಟೈರು ಅವರ ಕೆಲಸಕ್ಕೆ ಹೊಂದುವಂಥದ್ದಾಗಿರಲಿಲ್ಲ, ಅಷ್ಟೆ.

ಬೇಸಾಯಶಾಸ್ತ್ರದವನಿಗೆ ಟೈರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಎರಡು ಟನ್ನಿಗೂ ಹೆಚ್ಚು ತೂಕದ ಯಂತ್ರ ನಿಮ್ಮ ಮಣ್ಣನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕ ಮಾತ್ರ. ಡೀಸೆಲ್ ಉಳಿಯುವುದು, ಮಣ್ಣು ಗಟ್ಟಿಯಾಗುವುದು, ಮುಂದಿನ ಬೆಳೆಯ ಬೇರು ಇಳಿಯುವುದು, ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದು, ಇವೆಲ್ಲವೂ ಅಲ್ಲಿಂದಲೇ ಆರಂಭವಾಗುತ್ತವೆ.

ಕಬ್ಬಿಣದ ಗಾಲಿಯಿಂದ ಗಾಳಿಯ ಗಾಲಿಗೆ

ಮೊದಲ ಟ್ರ್ಯಾಕ್ಟರುಗಳಿಗೆ ಮೊಳೆಯಂತಹ ಹಲ್ಲುಗಳಿದ್ದ ಕಬ್ಬಿಣದ ಗಾಲಿಗಳಿದ್ದವು. ಹೊಲದಲ್ಲಿ ಅವು ಹಿಡಿತ ಕೊಡುತ್ತಿದ್ದವು, ಆದರೆ ರಸ್ತೆಗೆ ಬಂದರೆ ಯಂತ್ರವನ್ನೂ ಚಾಲಕನನ್ನೂ ಕುಲುಕಿ ಹಾಕುತ್ತಿದ್ದವು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದರು. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯವರು ಟ್ರ್ಯಾಕ್ಟರಿಗೂ ಗಾಳಿಯ ಟೈರು ಅಳವಡಿಸಿದರು. ಆ ಬಳಿಕ ಒಂದೇ ಯಂತ್ರ ಹೊಲ ಉಳುವುದಕ್ಕೂ ರಸ್ತೆಯಲ್ಲಿ ಹೇರು ಎಳೆಯುವುದಕ್ಕೂ ಒದಗಿತು. ನಮ್ಮಲ್ಲಿ ಮರದ ಗಾಲಿಯ ಬಂಡಿಯ ಜಾಗಕ್ಕೆ ಟೈರಿನ ಬಂಡಿ ಬಂದಾಗ ಎತ್ತುಗಳ ಹೊರೆ ಎಷ್ಟು ಹಗುರಾಯಿತೆಂಬುದನ್ನು ಹಿರಿಯರು ಬಲ್ಲರು.

ಆದರೆ ರಬ್ಬರು ಒಂದೇ ಆದರೂ ನೆಲ ಒಂದೇ ಅಲ್ಲ. ಕೆಸರಿಗೆ ಎತ್ತರವಾದ, ದೂರದೂರ ಇರುವ ಉಬ್ಬುಪಟ್ಟಿಗಳು ಬೇಕು. ನಡುವೆ ಜಾಗವಿದ್ದರೆ ಮಾತ್ರ ಅಂಟಿದ ಕೆಸರು ಉದುರಿ ಮತ್ತೆ ಹಿಡಿತ ಸಿಗುತ್ತದೆ. ಡಾಂಬರಿಗೆ ಗಿಡ್ಡವಾದ, ಅಗಲವಾದ, ಹತ್ತಿರವಿರುವ ಪಟ್ಟಿಗಳು ಬೇಕು. ಭಾರ ಹೆಚ್ಚು ರಬ್ಬರಿನ ಮೇಲೆ ಹಂಚಿಹೋದರೆ ಸವೆತ ಕಡಿಮೆ. ಎತ್ತರದ ಪಟ್ಟಿ ಡಾಂಬರಿನ ಮೇಲೆ ಪ್ರತಿ ಸುತ್ತಿಗೂ ಬಾಗಿ ಉಜ್ಜುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಆದ್ದರಿಂದ ಎರಡೂ ಕಡೆ ಅತ್ಯುತ್ತಮವೆನಿಸುವ ಟೈರು ಯಾವ ಕಂಪನಿಯಲ್ಲಿಯೂ ಇಲ್ಲ. ನಿಮ್ಮ ಕೆಲಸದ ಹೆಚ್ಚು ಗಂಟೆ ಎಲ್ಲಿ ಕಳೆಯುತ್ತದೆಯೋ ಅಲ್ಲಿಗೆ ಹೊಂದುವ ಟೈರನ್ನು ಕೊಂಡು, ಉಳಿದ ಕೆಲಸವನ್ನು ಗಾಳಿಯ ಒತ್ತಡ, ತೂಕ ಮತ್ತು ಕೇಜ್ ವೀಲಿನಿಂದ ಸರಿದೂಗಿಸಿಕೊಳ್ಳಬೇಕು. ಈ ಲೇಖನದ ಸಾರ ಇಷ್ಟೇ.

ಮೊದಲು ಗಂಟೆಗಳ ಲೆಕ್ಕ

ಟೈರು ಕೊಳ್ಳುವ ಮೊದಲು ಒಂದು ವರ್ಷದ ಕೆಲಸವನ್ನು ಮೂರು ಭಾಗ ಮಾಡಿರಿ: ಕೆಸರುಗದ್ದೆ, ಒಣ ಹೊಲ, ರಸ್ತೆ. ಉದಾಹರಣೆಗೆ, ನಿಮ್ಮ ಟ್ರ್ಯಾಕ್ಟರು ವರ್ಷಕ್ಕೆ 800 ಗಂಟೆ ಓಡುತ್ತದೆ ಎನ್ನೋಣ. ಅದರಲ್ಲಿ ಕೆಸರು ಮಾಡುವುದಕ್ಕೆ 120 ಗಂಟೆ, ರಂಟೆ, ಕಲ್ಟಿವೇಟರ್, ರೋಟವೇಟರ್ ಕೆಲಸಕ್ಕೆ 180 ಗಂಟೆ, ಟ್ರೇಲರಿಗೆ 500 ಗಂಟೆ. ಮನಸ್ಸಿನಲ್ಲಿ ಮಾತ್ರ ಕೆಸರುಗದ್ದೆಯ ಕಷ್ಟವೇ ದೊಡ್ಡದಾಗಿ ಉಳಿದಿರುತ್ತದೆ, ಏಕೆಂದರೆ ಗಾಡಿ ಹೂತದ್ದು ಅಲ್ಲಿ. ಆದರೆ ರಬ್ಬರು ಸವೆದದ್ದು ರಸ್ತೆಯಲ್ಲಿ. ಕಾಲುವೆಯ ನೀರು ಎರಡನೇ ಬೆಳೆಗೆ ಸಿಗದ ವರ್ಷದಲ್ಲಿ ಗದ್ದೆಯ ಗಂಟೆಗಳು ಇನ್ನೂ ಇಳಿದು, ಬಾಡಿಗೆಯ ಹೇರಿನ ಗಂಟೆಗಳು ಏರುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾನು ರೈತರಿಗೆ ಹೇಳುವ ಸೂತ್ರ ಹೀಗಿದೆ:

1. ಅರ್ಧಕ್ಕಿಂತ ಹೆಚ್ಚು ಗಂಟೆ ರಸ್ತೆಯಲ್ಲಿದ್ದರೆ, ಸಾಮಾನ್ಯ ಆಳದ, ಅಗಲ ಪಟ್ಟಿಗಳ ಟೈರನ್ನು ಆರಿಸಿರಿ. ಕೆಸರಿನ ಕೆಲವು ದಿನಗಳಿಗೆ ಕೇಜ್ ವೀಲ್ ಜೋಡಿಸಿಕೊಳ್ಳಿರಿ.

2. ಒಣ ಹೊಲದ ಕೆಲಸವೇ ಹೆಚ್ಚಾಗಿದ್ದರೆ, ಸಾಮಾನ್ಯ ಹೊಲದ ಟೈರು ಸಾಕು. ಅನುಕೂಲವಿದ್ದವರು ರೇಡಿಯಲ್ ಟೈರನ್ನು ಆಲೋಚಿಸಬಹುದು.

3. ಊರೂರಿಗೆ ಹೋಗಿ ಬಾಡಿಗೆಗೆ ಕೆಸರು ಮಾಡುವವರು ಮಾತ್ರ ಆಳ ಪಟ್ಟಿಯ ಗದ್ದೆ ಟೈರನ್ನು ಕೊಳ್ಳಬೇಕು. ಅಂಥ ಟ್ರ್ಯಾಕ್ಟರಿಗೆ ಟ್ರೇಲರ್ ಕೆಲಸ ಹಚ್ಚಬಾರದು.

ಟೈರಿನ ಮೈಮೇಲಿನ ಬರಹವನ್ನು ಓದುವುದು

ಅಂಗಡಿಯವರ ಮಾತಿಗಿಂತ ಟೈರಿನ ಪಕ್ಕದ ಗೋಡೆಯ ಬರಹ ಹೆಚ್ಚು ಹೇಳುತ್ತದೆ. 13.6-28 ಎಂದಿದ್ದರೆ ಟೈರಿನ ಅಗಲ 13.6 ಅಂಗುಲ, ರಿಮ್ಮಿನ ವ್ಯಾಸ 28 ಅಂಗುಲ ಎಂದರ್ಥ. ನಡುವಿನ ಅಡ್ಡಗೆರೆ ಅದು ಬಯಾಸ್ ಟೈರು ಎಂಬುದರ ಗುರುತು. ಅಡ್ಡಗೆರೆಯ ಜಾಗದಲ್ಲಿ 'ಆರ್' ಅಕ್ಷರವಿದ್ದರೆ ಅದು ರೇಡಿಯಲ್. 340/85 ಆರ್ 28 ಎಂಬುದು 13.6 ಅಂಗುಲದ ಟೈರಿಗೆ ಸಮನಾದ ರೇಡಿಯಲ್ ಅಳತೆ. 340 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 85 ಭಾಗ.

ಉಬ್ಬುಪಟ್ಟಿಗಳ ಬಗೆಗೂ ಸಂಕೇತಗಳಿವೆ. ಆರ್-1 ಸಾಮಾನ್ಯ ಹೊಲದ ಟೈರು. ಆರ್-1ಡಬ್ಲ್ಯು ಅದಕ್ಕಿಂತ ಸ್ವಲ್ಪ ಆಳ, ತೇವದ ನೆಲಕ್ಕೆ. ಆರ್-2 ಭತ್ತ ಮತ್ತು ಕಬ್ಬಿನ ಕೆಸರು ನೆಲಕ್ಕೆಂದೇ ಮಾಡಿದ್ದು. ಇದರ ಪಟ್ಟಿಗಳು ಆರ್-1ರ ಸುಮಾರು ಎರಡರಷ್ಟು ಆಳ. ಮುಂದಿನ ಸಣ್ಣ ಗಾಲಿಗೆ ಮೂರು ಉದ್ದಗೆರೆಗಳ ಎಫ್-2 ಟೈರು ಬಳಕೆಯಲ್ಲಿದೆ. ಆ ಗೆರೆಗಳು ಸವೆದುಹೋದರೆ ಹದವಾದ ಮಣ್ಣಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ನೇರ ಜಾರುತ್ತದೆ.

ಪ್ಲೈ ರೇಟಿಂಗ್ ಎಂಬ ಸಂಖ್ಯೆ ಟೈರು ತಡೆಯುವ ಭಾರದ ಅಳತೆ. ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನೂ ಹುಡುಕಿರಿ. 3223 ಎಂದಿದ್ದರೆ 2023ರ 32ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಟೈರಿನ ರಬ್ಬರು ಹೊಸದರಂತೆ ಕಂಡರೂ ಬಿರುಸಾಗಿರುತ್ತದೆ. ಕೊನೆಯದಾಗಿ ಬಾಣದ ಗುರುತು. ಟೈರನ್ನು ಬಾಣದ ದಿಕ್ಕಿನಲ್ಲಿ ಉರುಳುವಂತೆ ಜೋಡಿಸಬೇಕು. ಸರಿಯಾಗಿ ಜೋಡಿಸಿದ ಹಿಂದಿನ ಟೈರನ್ನು ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಪಟ್ಟಿಗಳ ಮೊನೆ ಮೇಲ್ಮುಖವಾಗಿರುತ್ತದೆ. ತಲೆಕೆಳಗಾದರೆ ಪಟ್ಟಿಗಳು ಕೆಸರನ್ನು ಹೊರದೂಡುವ ಬದಲು ನಡುವೆ ತುಂಬಿಕೊಳ್ಳುತ್ತವೆ.

ನಾಲ್ಕು ಊರು, ಮೂರು ಬಗೆಯ ನೆಲ

ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಆದರೆ ಟ್ರ್ಯಾಕ್ಟರಿಗೆ ಜಿಲ್ಲೆಯ ಗಡಿ ತಿಳಿಯದು, ನೆಲ ತಿಳಿಯುತ್ತದೆ. ಹೊಸಪೇಟೆ ಈ ಎಲ್ಲ ಊರುಗಳ ಪೇಟೆ. ಕಂಪ್ಲಿಯಿಂದಲೂ ಸಂಡೂರಿನಿಂದಲೂ ಇಲ್ಲಿಗೆ ಸುಮಾರು 30 ಕಿಲೋಮೀಟರ್ ದಾರಿ. ಹೇರು ತಂದು ಖಾಲಿ ಹಿಂತಿರುಗಿದರೆ ಒಂದೇ ದಿನಕ್ಕೆ 60 ಕಿಲೋಮೀಟರ್ ಡಾಂಬರು ಉಜ್ಜಿದಂತಾಯಿತು.

ಕಂಪ್ಲಿ: ತುಂಗಭದ್ರಾ ನದಿಯ ದಂಡೆ, ಕಾಲುವೆಯ ನೀರು, ಭತ್ತ ಮತ್ತು ಕಬ್ಬು. ಎರೆಭೂಮಿಯ ಗದ್ದೆಯಲ್ಲಿ ಆರ್-1 ಟೈರೊಂದೇ ಜಾರುತ್ತದೆ, ನಿಜ. ಆದರೆ ಸ್ವಂತ ಜಮೀನಿನ ಕೆಸರು ಕೆಲಸ ಹಂಗಾಮಿಗೆ ಕೆಲವೇ ದಿನ. ಆ ದಿನಗಳಿಗೆ ರಬ್ಬರು ಟೈರಿನ ಪಕ್ಕಕ್ಕೆ ಕೇಜ್ ವೀಲ್ ಜೋಡಿಸುವುದೇ ಮಿತವ್ಯಯದ ದಾರಿ. ಕೇಜ್ ವೀಲನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋಗಿ ಗದ್ದೆಯ ಬದುವಿನಲ್ಲಿ ಜೋಡಿಸಿ, ಕೆಲಸ ಮುಗಿದೊಡನೆ ಅಲ್ಲಿಯೇ ಬಿಚ್ಚಬೇಕು. ಅರ್ಧ ಗಂಟೆಯ ಬೇಸರಕ್ಕಾಗಿ ಅದನ್ನು ಹಾಕಿಕೊಂಡೇ ರಸ್ತೆಗೆ ಬಂದರೆ ಡಾಂಬರು ಕಿತ್ತು ಬರುತ್ತದೆ, ದಂಡಕ್ಕೂ ಗುರಿಯಾಗಬೇಕಾದೀತು. ಕಿತ್ತುಹೋದ ಆ ರಸ್ತೆಯ ಮೇಲೆ ನಾಳೆ ಭತ್ತ ಸಾಗಿಸುವವರೂ ನೀವೇ.

ಹಂಪಿ ಮತ್ತು ಕಮಲಾಪುರ: ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಇಲ್ಲಿಯ ಬಾಳೆ, ಕಬ್ಬಿನ ತೋಟಗಳಿಗೆ ನೀರುಣಿಸುತ್ತಿವೆ. ತೋಟದ ದಾರಿ ಕಿರಿದು, ಬಂಡೆಗಳ ನಡುವಿನ ತಿರುವು ಬಿಗಿ, ಮಣ್ಣು ಸದಾ ತೇವ. ಇಲ್ಲಿ ಅಗಲವಾದ ದೊಡ್ಡ ಟೈರಿಗಿಂತ ಸಾಲಿನ ನಡುವೆ ಹಿಡಿಯುವ ಟೈರು ಮುಖ್ಯ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ 12.4-28 ಮತ್ತು 13.6-28 ಎರಡಕ್ಕೂ ಅನುಮತಿಯಿದ್ದರೆ ತೋಟಿಗರಿಗೆ ಮೊದಲನೆಯದು ಹೊಂದುತ್ತದೆ. ಪುಸ್ತಕದಲ್ಲಿಲ್ಲದ ಅಳತೆಯನ್ನು ಹಾಕಿಸಬೇಡಿರಿ.

ಸಂಡೂರು: ಗುಡ್ಡಗಳ ನಡುವಿನ ಮಸಾರಿ ಭೂಮಿ, ಮೆಕ್ಕೆಜೋಳ, ಜೋಳ. ಹೊಲದಲ್ಲಿ ಕಲ್ಲು, ದಾರಿಯಲ್ಲಿ ಅದಿರಿನ ಹರಳು, ಬದುವಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಇಲ್ಲಿ ಟೈರು ಸವೆಯುವುದಕ್ಕಿಂತ ಮೊದಲು ಕೊಯ್ದುಹೋಗುತ್ತದೆ. ಆದ್ದರಿಂದ ಗಟ್ಟಿ ಪಕ್ಕಗೋಡೆಯ, ಹೆಚ್ಚು ಪ್ಲೈ ರೇಟಿಂಗಿನ ಬಯಾಸ್ ಟೈರು, ಅಗಲವಾದ ಪಟ್ಟಿಗಳು ಲೇಸು. ರೇಡಿಯಲ್ ಟೈರಿನ ಪಕ್ಕಗೋಡೆ ಮೆದುವಾಗಿ ಬಾಗುತ್ತದೆ. ಎರೆಯಲ್ಲಿ ಅದು ಗುಣ, ಚೂಪುಗಲ್ಲಿನಲ್ಲಿ ಅದೇ ದೋಷ. ಸಂಜೆ ಮನೆಗೆ ಬಂದೊಡನೆ ಪಟ್ಟಿಗಳ ನಡುವೆ ಸಿಕ್ಕಿದ ಹರಳು, ಮುಳ್ಳುಗಳನ್ನು ತೆಗೆಯುವ ರೂಢಿಯಿಟ್ಟುಕೊಳ್ಳಿರಿ. ಇಂದು ಚುಚ್ಚಿಕೊಂಡ ಹರಳು ವಾರದೊಳಗೆ ಟ್ಯೂಬು ಮುಟ್ಟುತ್ತದೆ.

ಗಾಳಿ: ದುಡ್ಡಿಲ್ಲದ ಉಪಾಯ

ಬಹಳಷ್ಟು ರೈತರು ಟೈರಿಗೆ ಒಂದೇ ಗಾಳಿ ಹಿಡಿಸಿ ವರ್ಷವಿಡೀ ಓಡಿಸುತ್ತಾರೆ. ಇದು ದೊಡ್ಡ ತಪ್ಪು. ಮೇಲ್ಮಣ್ಣಿನ ಮೇಲೆ ಟೈರು ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಹಿಂದಿನ ಟೈರಿಗೆ ಹೊಲದಲ್ಲಿ 12 ರಿಂದ 14 ಪೌಂಡು, ಹೇರು ಎಳೆಯುವಾಗ 18 ರಿಂದ 20 ಪೌಂಡು ಎಂಬುದು ಸಾಮಾನ್ಯ ರೂಢಿ. ಮುಂದಿನ ಸಣ್ಣ ಟೈರಿಗೆ 26 ರಿಂದ 30 ಪೌಂಡು ಬೇಕು. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಿರಿ.

ಹೊಲದಲ್ಲಿ ಗಾಳಿ ಹೆಚ್ಚಾದರೆ ಟೈರಿನ ನಡುಭಾಗ ಮಾತ್ರ ನೆಲ ಹಿಡಿದು ಗಾಲಿ ಜಾರುತ್ತದೆ. ರಸ್ತೆಯಲ್ಲಿ ಗಾಳಿ ಕಡಿಮೆಯಾದರೆ ಪಕ್ಕಗೋಡೆ ಮಡಿಸಿ ಮಡಿಸಿ ಬಿಸಿಯಾಗಿ ಬಿರುಕು ಬಿಡುತ್ತದೆ. ಒಂದು ಗಾಳಿ ಅಳೆಯುವ ಗೇಜು ಮನೆಯಲ್ಲಿರಲಿ. ಟೈರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮೊದಲು ಅಳೆಯಬೇಕು.

ಟ್ಯೂಬಿಗೆ ನೀರು ತುಂಬಿಸುವ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಗಟ್ಟಿ ನೆಲದಲ್ಲಿ ರಂಟೆ ಹೊಡೆಯುವಾಗ ನೀರಿನ ತೂಕ ಹಿಡಿತ ಕೊಡುತ್ತದೆ. ವಾಲ್ವು ಮೇಲಿರುವಂತೆ ಗಾಲಿಯನ್ನು ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ಮಾತ್ರ ತುಂಬಿಸಬೇಕು. ಅದು ಸುಮಾರು ಮುಕ್ಕಾಲು ಭಾಗವಾಗುತ್ತದೆ. ಉಳಿದ ಕಾಲು ಭಾಗ ಗಾಳಿಗೆ ಬೇಕು. ಆದರೆ ಕೆಸರಿಗೆ ಇಳಿಯುವ ಮೊದಲು ನೀರು ತೆಗೆಸಿರಿ. ಅಲ್ಲಿ ಹೆಚ್ಚಿನ ತೂಕ ಹಿಡಿತ ಕೊಡುವುದಿಲ್ಲ, ಹೂಳಿಸುತ್ತದೆ.

ಜಾರಿಕೆಯನ್ನು ನೀವೇ ಅಳೆಯಿರಿ

ಗಾಲಿ ತಿರುಗಿದಷ್ಟು ದೂರ ಟ್ರ್ಯಾಕ್ಟರು ಮುಂದೆ ಹೋಗುವುದಿಲ್ಲ; ಒಂದಿಷ್ಟು ಜಾರಿ ನಷ್ಟವಾಗುತ್ತದೆ. ಇದನ್ನು ಅಳೆಯಲು ಸೀಮೆಸುಣ್ಣ ಮತ್ತು ಟೇಪು ಸಾಕು. ಹಿಂದಿನ ಟೈರಿಗೆ ಒಂದು ಗುರುತು ಹಾಕಿರಿ. ಅದೇ ಹೊಲದಲ್ಲಿ ಉಪಕರಣ ಎತ್ತಿಕೊಂಡು 10 ಸುತ್ತಿಗೆ ಎಷ್ಟು ದೂರ ಹೋಯಿತೆಂದು ಅಳೆಯಿರಿ. ಬಳಿಕ ಉಪಕರಣ ಇಳಿಸಿ, ಉಳುತ್ತಾ 10 ಸುತ್ತಿನ ದೂರ ಅಳೆಯಿರಿ. ಮೊದಲನೆಯದು 39 ಮೀಟರ್, ಎರಡನೆಯದು 34 ಮೀಟರ್ ಬಂದರೆ ವ್ಯತ್ಯಾಸ 5 ಮೀಟರ್, ಅಂದರೆ ನೂರಕ್ಕೆ ಸುಮಾರು 13. ಉಳುವಾಗ ನೂರಕ್ಕೆ 10 ರಿಂದ 15 ಜಾರಿಕೆ ಸರಿಯಾದದ್ದು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಅನಗತ್ಯ ತೂಕ ಹೊತ್ತು ಓಡುತ್ತಿದ್ದೀರಿ. ಹೆಚ್ಚಿದ್ದರೆ ಡೀಸೆಲ್ಲನ್ನೂ ರಬ್ಬರನ್ನೂ ಮಣ್ಣಿಗೆ ಹಾಕುತ್ತಿದ್ದೀರಿ.

ನಷ್ಟ ಎಷ್ಟೆಂದು ನೋಡಿರಿ. ಜಾರಿಕೆ ನೂರಕ್ಕೆ 12 ಇದ್ದಾಗ 10 ಗಂಟೆಯಲ್ಲಿ ಮುಗಿಯುವ ಕೆಲಸ, ಜಾರಿಕೆ 25ಕ್ಕೆ ಏರಿದರೆ ಅದೇ ವೇಗದಲ್ಲಿ ಗಾಲಿ ತಿರುಗಿದರೂ 11 ಗಂಟೆ 44 ನಿಮಿಷ ಹಿಡಿಯುತ್ತದೆ. ಸವೆದ ಟೈರನ್ನು ಇನ್ನೊಂದು ಹಂಗಾಮು ಎಳೆಯೋಣವೆಂದು ಉಳಿಸಿದ ಹಣ ಹೀಗೆ ಡೀಸೆಲ್ಲಿನ ದಾರಿಯಲ್ಲಿ ಹೋಗುತ್ತದೆ.

ಮಣ್ಣಿಗೆ ಬೀಳುವ ಪೆಟ್ಟು

ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ; ಮಣ್ಣು ಒತ್ತಿ ಗಟ್ಟಿಯಾದರೆ ಕಾಣುವುದಿಲ್ಲ. ಭತ್ತದ ಗದ್ದೆಗೆ ಕೆಳಗೊಂದು ಗಟ್ಟಿ ಪದರ ಬೇಕು. ನೀರು ನಿಲ್ಲುವುದು ಅದರಿಂದ. ಆದರೆ ಅದೇ ಪದರ ಅತಿಯಾದರೆ ಭತ್ತದ ನಂತರದ ಕಡಲೆ, ಹೆಸರು ಬೆಳೆಗಳ ಬೇರು ಅಲ್ಲಿಯೇ ಅಡ್ಡ ತಿರುಗುತ್ತದೆ. ಕೊಯ್ಲಾದ ಮೇಲೆ ಮಣ್ಣಿನಲ್ಲಿ ಇನ್ನೂ ತೇವವಿರುವಾಗ ಮೂರು ಅಡಿಯ ಕಬ್ಬಿಣದ ಸರಳನ್ನು ಗಾಲಿ ಹೋದ ಜಾಡಿನಲ್ಲೊಮ್ಮೆ, ಹೋಗದ ಜಾಗದಲ್ಲೊಮ್ಮೆ ಒತ್ತಿ ನೋಡಿರಿ. ಕೈಗೇ ವ್ಯತ್ಯಾಸ ತಿಳಿಯುತ್ತದೆ.

ಒತ್ತುವಿಕೆಯ ಹೆಚ್ಚಿನ ಪಾಲು ಮೊದಲ ಸಲ ಗಾಲಿ ಹಾದಾಗಲೇ ಆಗಿಬಿಡುತ್ತದೆ. ಆದ್ದರಿಂದ ಹೊಲದ ತುಂಬ ಅಡ್ಡಾಡದೆ ಟ್ರೇಲರಿಗೆ ಒಂದೇ ಜಾಡು ಗೊತ್ತು ಮಾಡಿರಿ. ಎರೆಭೂಮಿಗೆ ಇಳಿಯುವ ಮೊದಲು ಒಂದು ಹಿಡಿ ಮಣ್ಣು ಹಿಸುಕಿ ನೋಡಿರಿ. ಅದು ಉಂಡೆಯಾಗಿ ಕೈಗೆ ಅಂಟಿದರೆ ಆ ದಿನ ಹೇರಿನ ಟ್ರೇಲರನ್ನು ಹೊಲಕ್ಕಿಳಿಸದೆ ದಾರಿಯಲ್ಲೇ ನಿಲ್ಲಿಸುವುದು ಒಳಿತು.

ರಸ್ತೆಗೆ ಬಂದಾಗ

ಹೊಲದಲ್ಲಿ ತಪ್ಪಿದರೆ ಬೆಳೆ ಹೋದೀತು, ರಸ್ತೆಯಲ್ಲಿ ತಪ್ಪಿದರೆ ಪ್ರಾಣ. ಕೆಳಗಿನವುಗಳನ್ನು ಚಾಲಕನಿಗೂ ಮನೆಯ ಹುಡುಗರಿಗೂ ಬಾಯಿಪಾಠ ಮಾಡಿಸಿರಿ.

1. ಹೊಲದಲ್ಲಿ ತಿರುಗಿಸಲು ಬಿಡಿಬಿಡಿಯಾಗಿ ಬಳಸುವ ಎರಡು ಬ್ರೇಕು ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಚಿಲಕ ಹಾಕಿ ಜೋಡಿಸಬೇಕು. ಓಟದಲ್ಲಿ ಒಂದೇ ಗಾಲಿಗೆ ಬ್ರೇಕು ಬಿದ್ದರೆ ಟ್ರ್ಯಾಕ್ಟರು ಮಗುಚುತ್ತದೆ.

2. ಸಂಡೂರಿನ ಕಡೆಯ ಇಳಿಜಾರುಗಳಲ್ಲಿ ಹೇರಿದ ಟ್ರೇಲರನ್ನು ನ್ಯೂಟ್ರಲ್ಲಿನಲ್ಲಿ ಎಂದಿಗೂ ಇಳಿಸಬಾರದು. ಹತ್ತಲು ಬೇಕಾದ ಗೇರೇ ಇಳಿಯಲೂ ಬೇಕು.

3. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಾಗಿದ್ದರೆ, ಒಣ ಡಾಂಬರಿನ ಮೇಲೆ ಮುಂದಿನ ಗಾಲಿಗಳ ಎಳೆತವನ್ನು ಬಿಡಿಸಿರಿ. ಇಲ್ಲವಾದರೆ ಮುಂದಿನ ಟೈರು ಅಕಾಲದಲ್ಲಿ ಸವೆಯುತ್ತದೆ. ಅಂಥ ಟ್ರ್ಯಾಕ್ಟರಿಗೆ ಮುಂದಿನ, ಹಿಂದಿನ ಟೈರುಗಳ ಅಳತೆ ಕಂಪನಿ ಹೇಳಿದ ಜೋಡಿಯಾಗಿಯೇ ಇರಬೇಕು.

4. ಟ್ರ್ಯಾಕ್ಟರಿಗೆ ಹೊಸ ಟೈರು ಹಾಕಿಸಿ, ಟ್ರೇಲರಿಗೆ ನೂಲು ಕಾಣುವ ಟೈರು ಬಿಡುವವರಿದ್ದಾರೆ. ಹೇರಿನ ಬಹುಪಾಲು ಹೊರುವುದು ಟ್ರೇಲರಿನ ಟೈರುಗಳೇ.

ಜೀಪು, ಪಿಕಪ್ಪು ಇದ್ದವರಿಗೆ

ಈಚೆಗೆ ತರಕಾರಿ, ಬಾಳೆ ಸಾಗಿಸಲು ಪಿಕಪ್ಪು, ಜೀಪು ಇಟ್ಟವರೂ ಇದ್ದಾರೆ. ಅವುಗಳಿಗೂ ಇದೇ ಲೆಕ್ಕ. ಹೈವೇ ಟೈರು ರಸ್ತೆಗೆ, ಮಡ್ ಟೈರು ಕೆಸರಿಗೆ, ಆಲ್ ಟೆರೈನ್ ಎಂಬುದು ನಡುವಿನದು. ದಿನವೂ ಹೊಸಪೇಟೆಯ ಮಾರುಕಟ್ಟೆಗೆ ಹೋಗಿ, ತೋಟದ ಮಣ್ಣುದಾರಿಯಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ನಡೆಯುವ ಗಾಡಿಗೆ ನಡುವಿನದು ಸಾಕು. ಮಡ್ ಟೈರು ನೋಟಕ್ಕೆ ಚೆಂದ. ಆದರೆ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಮಣ್ಣಿನಲ್ಲಿ ಸಿಕ್ಕಿಕೊಂಡಾಗ ಸ್ವಲ್ಪ ಗಾಳಿ ಇಳಿಸಿದರೆ ಹಿಡಿತ ಬರುತ್ತದೆ. ರಸ್ತೆ ಸೇರಿದೊಡನೆ ಮತ್ತೆ ತುಂಬಿಸುವುದನ್ನು ಮರೆಯಬಾರದು.

ಮೊದಲು ಹೇಳಿದ ಕಂಪ್ಲಿಯ ಹಿರಿಯರು ನನ್ನ ಮಾತು ಕೇಳಿ ಟ್ರ್ಯಾಕ್ಟರ್ ನಿಲ್ಲಿಸುವ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮೂರು ಮನೆ ಬರೆದರು: ಗದ್ದೆ, ಹೊಲ, ರಸ್ತೆ. ದಿನದ ಗಂಟೆಗಳನ್ನು ಅಲ್ಲಿ ಗೀಟು ಹಾಕುತ್ತಾ ಬಂದರು. ವರ್ಷದ ಕೊನೆಗೆ ರಸ್ತೆಯ ಮನೆ ತುಂಬಿ ಪಕ್ಕಕ್ಕೆ ಹರಿದಿತ್ತು. ಈ ಸಲ ಅವರು ಆರ್-1 ಟೈರು ತಂದರು. ಕೇಜ್ ವೀಲನ್ನು ತಮ್ಮನೊಡನೆ ಪಾಲಿನಲ್ಲಿ ಕೊಂಡರು. ನೀವೂ ಟೈರಿನಂಗಡಿಗೆ ಹೋಗುವ ಮೊದಲು ನಿಮ್ಮ ಗೋಡೆಯ ಮೇಲೆ ಮೂರು ಮನೆ ಬರೆದು, ಒಂದು ವರ್ಷ ಗೀಟು ಹಾಕಿರಿ. ಯಾವ ಟೈರು ಬೇಕೆಂಬುದನ್ನು ಆ ಗೋಡೆಯೇ ಹೇಳುತ್ತದೆ.